ಸ್ವಲ್ಪ ಕಮ್ಮಿ ಮಾಡು

ಬೇಸ್ ಗಿಟಾರ್ ನುಡಿಸುವವನಿಗೆ ಜನ ಹೇಳುವ ಮಾತು ಒಂದೇ: ಸ್ವಲ್ಪ ಕಮ್ಮಿ ಮಾಡು. ನನಗೆ ಈ ಮಾತನ್ನು ಹತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದವನು ಪುತು ಮೆರ್ತಯಾಸ, ನನ್ನ ಹೆಂಡತಿಯ ಅಣ್ಣ. ನಮ್ಮ ದ್ವೀಪದ ಸಾನೂರಿನ ಕಡಲದಂಡೆಯ ಒಂದು ಹೋಟೆಲಿನಲ್ಲಿ ವಾರಕ್ಕೆ ನಾಲ್ಕು ಸಂಜೆ, ಆರರಿಂದ ಎಂಟರವರೆಗೆ ನಾವು ನುಡಿಸುತ್ತೇವೆ. ಭಾವ ಗಿಟಾರ್, ನಾನು ಬೇಸ್, ಕದೆಕ್ ಡ್ರಮ್ಮು, ಕೀಬೋರ್ಡಿಗೂ ಹಾಡಿಗೂ ಗುಂಗ್ ಅಯು ಎಂಬ ಹುಡುಗಿ. ಮೊದಲನೆಯ ಹಾಡು ಅರ್ಧ ಆಗುವ ಮುನ್ನ ಭಾವ ತಲೆ ತಿರುಗಿಸದೆ, ತುಟಿಯ ಒಂದು ಮೂಲೆಯಿಂದ ಹೇಳುತ್ತಾನೆ, "ಸ್ವಲ್ಪ ಕಮ್ಮಿ ಮಾಡೋ." ನಾನು ಶಬ್ದದ ಗುಂಡಿಗೆ ಕೈ ಹಾಕಿ ತಿರುಗಿಸಿದ ಹಾಗೆ ಮಾಡುತ್ತೇನೆ. ತಿರುಗಿಸುವುದಿಲ್ಲ. "ಹಾಂ, ಈಗ ಸರಿಯಾಯ್ತು" ಅನ್ನುತ್ತಾನೆ.

ಹೆಂಡತಿಯ ಜೊತೆಗಿನ ಸಂಸಾರಕ್ಕಿಂತ ಈ ಸಂಸಾರ ಎರಡು ವರ್ಷ ಹಳೆಯದು. ಅವನ ಮನೆಗೆ ಅಭ್ಯಾಸಕ್ಕೆ ಹೋಗಿ ಹೋಗಿಯೇ ಅವನ ತಂಗಿ ಸುವಾರ್ನಿ ನನಗೆ ಸಿಕ್ಕಿದ್ದು. ಹಾಗಾಗಿ ಅವನ ಮೇಲೆ ನನಗೆ ಪೂರ್ತಿ ಸಿಟ್ಟು ಮಾಡುವ ಹಕ್ಕೂ ಇಲ್ಲ.

ಈ ವರ್ಷ ಹೋಟೆಲಿಗೆ ಹೊಸ ಮ್ಯಾನೇಜರ್ ಬಂದರು. ಸೆಮರಾಂಗ್ ಕಡೆಯ ಲಾರಸ್ ಮೇಡಂ. ದನಿ ಮೆತ್ತಗೆ, ನಿರ್ಧಾರ ಗಟ್ಟಿ. ಮೊದಲ ವಾರ ಕಾರಂಜಿ ನಿಲ್ಲಿಸಿದರು, ಎರಡನೆಯ ವಾರ ಬಾತುಕೋಳಿಗಳನ್ನು ಕಳಿಸಿಬಿಟ್ಟರು, ಮೂರನೆಯ ವಾರ ನಮ್ಮೆದುರು ಬಂದು ಕೂತರು.

"ಗಿಟಾರ್ ಕೇಳಿಸ್ತು. ಡ್ರಮ್ ಕೇಳಿಸ್ತು. ಆ ಹುಡುಗಿ ಹಾಡಿದ್ದೂ ಕೇಳಿಸ್ತು," ಅಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಇವರು ಏನು ಮಾಡ್ತಾರೆ?"

"ಬೇಸ್ ನುಡಿಸ್ತಾನೆ ಮೇಡಂ," ಅಂದ ಭಾವ.

"ಅದು ನನಗೆ ಕೇಳಿಸ್ಲಿಲ್ಲ. ಅದನ್ನ ಕೀಬೋರ್ಡಲ್ಲಿ ಎಡಗೈಯಿಂದ ಬಾರಿಸ್ಬಹುದು ಅಂತಾರಲ್ಲ?"

ಗುಂಗ್ ಅಯು ತನ್ನ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಒಳ್ಳೆಯ ಹುಡುಗಿ. ಆದರೆ ಬಾರಿಸಬಹುದು ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು.

"ಎರಡು ವಾರ ಬಿಟ್ಟು ಶನಿವಾರ ಸಂಜೆ ಪೂರ್ತಿ ಕೂತು ಕೇಳ್ತೀನಿ," ಅಂದರು ಮೇಡಂ. "ಬೇಸ್ ಬೇಕಾ ಬೇಡ್ವಾ ಅವತ್ತು ನೋಡೋಣ."

ನನಗೀಗ ಐವತ್ತೊಂದು. ಗದ್ದೆ ಕೆಲಸ ಮರೆತುಹೋಗಿದೆ, ಮರಗೆತ್ತನೆ ಕಲಿತವನಲ್ಲ, ಪ್ರವಾಸಿಗಳನ್ನು ಕೂರಿಸಿಕೊಂಡು ಕಾರು ಓಡಿಸಲು ಕಣ್ಣು ಸಾಲದು. ನನಗೆ ಬರುವುದು ನಾಲ್ಕು ದಪ್ಪ ತಂತಿಗಳ ವಿದ್ಯೆ ಒಂದೇ. ಅದೂ ಹೋದರೆ ಸಂಜೆ ಐದಕ್ಕೆ ಭಾವ ಮೋಟಾರುಬೈಕಿನಲ್ಲಿ ಗಿಟಾರ್ ಹೊತ್ತು ಹೋಗುವುದನ್ನು ಮನೆಯ ಬಾಗಿಲಲ್ಲಿ ನಿಂತು ನೋಡುವವನಾಗುತ್ತೇನೆ. ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಎರಡು ದಿನ ಅನ್ನ ಸೇರಲಿಲ್ಲ.

ಸಮಾಧಾನ ಹೇಳಲು ಭಾವ ಬಂದ. ಅವನ ಸಮಾಧಾನ ಎಂದರೆ ಗಾಯಕ್ಕೆ ಉಪ್ಪು.

"ಪಿಕಪ್ ಬದಲಾಯಿಸು. ಹಳೇದಾಗಿದೆ. ಅದಕ್ಕೇ ನಿನ್ನ ಬೇಸು ಗಂಟಲು ಕಟ್ಟಿದ ಎಮ್ಮೆ ಥರ ಕೇಳಿಸ್ತದೆ."

"ದಿನಾ ಕಮ್ಮಿ ಮಾಡು ಅಂತ ಪ್ರಾಣ ತೆಗೆಯೋನು ನೀನೇ ಅಲ್ವಾ ಭಾವ?"

"ಕಮ್ಮಿ ಇದ್ರೂ ಕೇಳಿಸ್ಬೇಕು. ಅದಕ್ಕೇ ವಿದ್ಯೆ ಅನ್ನೋದು," ಅಂತ ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ನನ್ನ ಪಾಲಿನ ಕರಿದ ಬಾಳೆಹಣ್ಣನ್ನೂ ತಿಂದು ಹೋದ.

ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತ ಆಯಸ್ಕಾಂತ. ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯನ್ನು ಎಂಟು ಸಾವಿರ ಸಲವೋ ಹತ್ತು ಸಾವಿರ ಸಲವೋ ಸುತ್ತಿರುತ್ತಾರೆ. ಮೇಲೆ ತಂತಿ ನಡುಗಿದರೆ ಕೆಳಗೆ ಆ ಎಳೆಯಲ್ಲಿ ಕರೆಂಟು ನಡುಗುತ್ತದೆ, ಅದು ಹೋಗಿ ಪೆಟ್ಟಿಗೆಯಲ್ಲಿ ಶಬ್ದವಾಗುತ್ತದೆ. ಇಷ್ಟೇ. ಇಷ್ಟಕ್ಕೇ ಜಗತ್ತಿನಲ್ಲಿ ಎಷ್ಟು ಜನ ಎಷ್ಟು ಮಾತಾಡುತ್ತಾರೆ ಅನ್ನುವುದು ಮೊಬೈಲು ತೆರೆದಾಗ ಗೊತ್ತಾಯಿತು. ಒಬ್ಬ ತನ್ನ ಪಿಕಪ್ಪಿನ ನಾದ ಬೆಣ್ಣೆಯಂತಿದೆ ಅಂದ. ಇನ್ನೊಬ್ಬ ಚಾಕಲೇಟು ಅಂದ. ಗಡ್ಡದ ಒಬ್ಬ ಹುರಿದ ಹಂದಿಯ ಚರ್ಮದ ಹಾಗೆ ಗರಿಗರಿ ಅಂದ. ಎರಡು ಗಂಟೆ ನೋಡಿದ ಮೇಲೆ ನನಗೆ ಹಸಿವಾಯಿತೇ ಹೊರತು ಯಾವುದನ್ನು ಕೊಳ್ಳುವುದು ಎಂಬುದು ತಿಳಿಯಲಿಲ್ಲ.

ಕೊನೆಗೆ ಕ್ಲುಂಗ್‌ಕುಂಗ್ ಹತ್ತಿರದ ಪಂದೆ ಕೆರ್ತ ಅವರ ಹತ್ತಿರ ಹೋದೆ. ಪಂದೆ ಅಂದರೆ ಕಮ್ಮಾರರ ಕುಲ. ಅವರ ಅಣ್ಣ ಈಗಲೂ ಗಾಮೆಲಾನ್ ಎಂಬ ನಮ್ಮ ವಾದ್ಯಮೇಳಕ್ಕೆ ಕಂಚಿನ ಪಟ್ಟಿಗಳನ್ನು ಬಡಿದು ಶ್ರುತಿ ಮಾಡುತ್ತಾರೆ. ಕೆರ್ತ ಮಾತ್ರ ಸಣ್ಣವರಿದ್ದಾಗಲೇ ಕರೆಂಟಿನ ಹುಚ್ಚು ಹತ್ತಿ ಪಿಕಪ್ ಸುತ್ತಲು ಕೂತವರು. ಎಪ್ಪತ್ತರ ಮೇಲೆ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಒಂದೇ ಸೂರಿನ ಕೆಳಗೆ ಆ ಕಡೆ ಬೆಂಕಿ, ಸುತ್ತಿಗೆ. ಈ ಕಡೆ ಹೊಲಿಗೆ ಯಂತ್ರದ ಮೋಟಾರು, ತಾಮ್ರದ ಎಳೆ.

"ಗಿಟಾರೆಲ್ಲಿ?" ಅಂದರು.

"ಗಿಟಾರ್ ನಮ್ಮ ಭಾವಂದು. ನಂದು ಬೇಸು."

"ಗೊತ್ತು. ಗಿಟಾರೆಲ್ಲಿ ಅಂದೆ. ಒಂದೇ ತಂಡದಲ್ಲಿ ನುಡಿಸೋರು ಒಟ್ಟಿಗೆ ಬರ್ಬೇಕು. ಎರಡನ್ನೂ ಒಂದೇ ದಿನ ಕೇಳಿ ನಾನು ಆರಿಸಿ ಕೊಡೋದು."

"ನಂದಷ್ಟೇ ಸಾಕು ಗುರುಗಳೇ."

ಅವರು ಎದ್ದು ಅಣ್ಣನ ಕಡೆಯಿಂದ ಎರಡು ಕಂಚಿನ ಪಟ್ಟಿ ತಂದರು. ಒಂದೇ ಸ್ವರದ ಜೋಡಿ. ಒಂದನ್ನು ಬೇಕೆಂದೇ ಕೂದಲೆಳೆಯಷ್ಟು ಇಳಿಸಿ ಶ್ರುತಿ ಮಾಡಿದ್ದು. ಇಳಿದದ್ದು ಹೆಣ್ಣು, ಏರಿದ್ದು ಗಂಡು. ಒಂದನ್ನು ಬಾರಿಸಿದರು, ಪಾತ್ರೆಯ ಸದ್ದು. ಇನ್ನೊಂದನ್ನು ಬಾರಿಸಿದರು, ಇನ್ನೊಂದು ಪಾತ್ರೆ. ಎರಡನ್ನೂ ಒಟ್ಟಿಗೆ ಬಾರಿಸಿದಾಗ ಸದ್ದು ಅಲೆ ಅಲೆಯಾಗಿ ಉಸಿರಾಡಲು ಶುರುಮಾಡಿತು.

"ಇದು ನಮ್ಮೂರಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತು ಗುರುಗಳೇ," ಅಂದೆ.

"ಮಗುವಿಗೆ ಗೊತ್ತಿರತ್ತೆ. ಐವತ್ತು ದಾಟಿದ್ಮೇಲೆ ಮರೆತು ಹೋಗತ್ತೆ."

ಪಾಠ ಕೇಳಿಸಿಕೊಳ್ಳಲು ನಾನು ಬಂದಿರಲಿಲ್ಲ. "ನನಗೆ ಜೋಡಿ ಬೇಡ. ಹೋಟೆಲಿನ ಕೊನೇ ಮೇಜಿಗೆ ಕೇಳಿಸ್ಬೇಕು, ಅಷ್ಟೇ."

ಪಂದೆ ನಿಟ್ಟುಸಿರು ಬಿಟ್ಟು ತಮ್ಮ ಹಲಗೆ ತೆಗೆದರು. ಹಲಸಿನ ಮರದ ಹಲಗೆ, ಮೇಲೆ ಬೇಸಿನ ನಾಲ್ಕು ತಂತಿ, ನಡುವೆ ಒಂದು ಕಿಂಡಿ. ಬೇರೆ ಬೇರೆ ಪಿಕಪ್ಪನ್ನು ಆ ಕಿಂಡಿಗೆ ತೂರಿಸಿ ಕೇಳಬಹುದು. ಮೊದಲನೆಯದು ಹಳೆಯ ಕಾಲದ ಮೆದು ಆಯಸ್ಕಾಂತದ್ದು, ಸುತ್ತೂ ಕಡಿಮೆ. ನುಡಿಸಿದೆ. ಮನೆಯಲ್ಲಿ ಅಜ್ಜಿ ಮಾತಾಡಿದ ಹಾಗಿತ್ತು. ಮೆಲ್ಲಗೆ, ಆದರೆ ಒಂದಕ್ಷರವೂ ತಪ್ಪದ ಹಾಗೆ. ಎರಡನೆಯದು ಅದಕ್ಕಿಂತ ದಪ್ಪ. ಮೂರನೆಯದರ ಆಯಸ್ಕಾಂತ ಕಪ್ಪಗೆ, ದಪ್ಪಗೆ, ಸುತ್ತು ತುಂಬಿ ತುಳುಕುವಷ್ಟು. ಒಂದೇ ಸಲ ಮೀಟಿದೆ, ಆ ಕಡೆ ಸುತ್ತಿಗೆ ನಿಂತಿತು. ಅಣ್ಣನವರು ಇಣುಕಿ ನೋಡಿ ಹೋದರು.

"ಇದೇ," ಅಂದೆ.

"ಇದರ ಆಯಸ್ಕಾಂತ ತಂತಿಯನ್ನೇ ಹಿಡಿದು ಜಗ್ಗತ್ತೆ. ಪೂರ್ತಿ ಆಡೋಕೆ ಬಿಡಲ್ಲ. ಅಬ್ಬರ ಜಾಸ್ತಿ, ಆಯಸ್ಸು ಕಮ್ಮಿ."

"ಶನಿವಾರದವರೆಗೆ ಆಯಸ್ಸಿದ್ರೆ ಸಾಕು. ಮೇಲಿನ ಮುಚ್ಚಳ ತೆಗೆದುಬಿಡಿ. ತಂತಿಗೆ ಇನ್ನೂ ಹತ್ತಿರ ಕೂರ್ಲಿ."

"ಬಟ್ಟೆ ಇಲ್ಲದೆ ಊರಿಗೆ ಕಳಿಸು ಅಂತೀಯ."

"ಸೆಖೆ ಇದೆ ಗುರುಗಳೇ, ಏನೂ ಆಗಲ್ಲ."

ಅವರು ತಲೆ ಆಡಿಸಿದರು. "ತೀರ್ಥ ಬಿದ್ರೆ ಭಯ ಇಲ್ಲ, ಮೇಣದಲ್ಲಿ ಮುಳುಗಿಸಿ ತೆಗ್ದಿದೀನಿ. ತುಂಪೆಕ್ ಕ್ರುಲುತ್ ಹಬ್ಬ ಮುಗಿದ ವಾರ ನಮಗೆ ಸುಗ್ಗಿ, ಗೊತ್ತಾ? ವಾದ್ಯಕ್ಕೆಲ್ಲ ಪೂಜೆ, ಎಲ್ಲಾದ್ರ ಮೇಲೂ ತೀರ್ಥ. ಭಕ್ತಿ ಜಾಸ್ತಿ ಇರೋರ ಪಿಕಪ್ಪೇ ಮೊದಲು ಹಾಳಾಗೋದು. ಆದ್ರೆ ನೆನಪಿಟ್ಕೋ, ಇದರಲ್ಲಿ ಎರಡು ತುಂಡು, ಹಾಯೋದು ಒಂದೇ ಎಳೆ. ಒಂದು ಕಡೆ ಕಡಿದ್ರೆ ಎರಡೂ ಮೂಕ. ಗಂಡ ಹೆಂಡ್ತಿ ಥರ ಅಂತ ನಾನಂತೀನಿ. ಹಂಗೇನಿಲ್ಲ ಅಂತಾಳೆ ನನ್ನ ಹೆಂಡ್ತಿ."

ಹೊರಡುವಾಗ ಅವರು ತಂತಿ ಸುತ್ತುತ್ತಲೇ ಹೇಳಿದರು, "ನಿನ್ನೆ ನಿಮ್ಮ ಭಾವಾನೂ ಬಂದಿದ್ದ. ಬೇಸೆಲ್ಲಿ ಅಂದೆ. ಅದು ನಮ್ಮ ತಂಗಿ ಗಂಡಂದು, ಅವನಿಗೆ ಹೇಳ್ಬೇಡಿ ಅಂದ."

"ಯಾವುದು ತಗೊಂಡ?"

"ಅಂಗಡೀಲಿದ್ದ ಗಿಟಾರಿನದರಲ್ಲಿ ಅತಿ ಜೋರಾಗಿರೋದು. ನೀನು ಬದಲಾಯಿಸ್ತೀಯ ಅಂತ ಗೊತ್ತಾಗಿ ಅವನಿಗೆ ಭಯ ಆಗಿದೆ."

ನನಗೆ ಬದಲಾಯಿಸು ಎಂದು ಹೇಳಿದವನು, ನಾನು ಬದಲಾಯಿಸುವ ಮುನ್ನ ತಾನು ಬದಲಾಯಿಸಿಕೊಂಡಿದ್ದ. ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬೈಕು ಓಡಿಸಿದೆ.

ಗುರುವಾರ ಸಂಜೆ ಇಬ್ಬರೂ ಹೊಸ ಪಿಕಪ್ ಹಾಕಿಕೊಂಡು ವೇದಿಕೆ ಹತ್ತಿದೆವು, ಏನೂ ಆಗದವರ ಹಾಗೆ. ಮೊದಲ ಹಾಡಿಗೇ ಭಾವನ ಗಿಟಾರ್ ಗರಗಸದ ಹಾಗೆ ಕೊಯ್ಯಿತು. ನಾನು ಬಿಡುತ್ತೇನೆಯೇ? ಮೇಜಿನ ಮೇಲಿನ ಚಮಚಗಳು ಸದ್ದು ಮಾಡತೊಡಗಿದವು. ಮುಂದಿನ ಸಾಲಿನ ಒಬ್ಬ ವಿದೇಶಿ ಮುದುಕ ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡು ನೆಮ್ಮದಿಯಿಂದ ಮೀನು ತಿಂದ. ಯಂತ್ರ ಇಲ್ಲದವರು ಮೇಜು ಬದಲಾಯಿಸಿದರು.

"ಕಮ್ಮಿ ಮಾಡೋ," ಅಂದ ಭಾವ.

"ನೀನು ಮಾಡು."

"ನಾನು ದೊಡ್ಡವನು."

"ಅದಕ್ಕೇ ನೀನು ಮೊದಲು ಮಾಡು."

ಗುಂಡಿ ತಿರುಗಿಸಿದರೆ ಶಬ್ದ ಕಡಿಮೆಯಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಯಾರು ಮೊದಲು ತಿರುಗಿಸುವುದು ಅನ್ನುವುದು ಬೇರೆ ಪ್ರಶ್ನೆ. ಎರಡು ಗಂಟೆ ಹೊತ್ತು ಅದು ತೀರ್ಮಾನವಾಗಲಿಲ್ಲ. ಕಿರುಚಿ ಕಿರುಚಿ ಗುಂಗ್ ಅಯುವಿನ ದನಿ ಮೀನು ಮಾರುವವಳ ದನಿಯಾಯಿತು.

ಮುಗಿದ ಮೇಲೆ ಲಾರಸ್ ಮೇಡಂ ಬಂದರು. "ಬೇಸ್ ಕೇಳಿಸ್ತು," ಅಂದರು. ನನ್ನ ಎದೆ ಉಬ್ಬಿತು. "ಅಡುಗೆಮನೇಲೂ ಕೇಳಿಸ್ತು. ಕಪಾಟಲ್ಲಿ ಲೋಟಗಳು ತಾವಾಗೇ ನಡೀತಿದ್ವು. ಶನಿವಾರವೂ ಹೀಗೇ ಆದ್ರೆ ಮೂರು ಜನ ಸಾಕು. ಯಾವ ಮೂರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ ಅಂದ್ಕೋತೀನಿ."

ಕೇಳಿಸದಿದ್ದರೂ ತಪ್ಪು, ಕೇಳಿಸಿದರೂ ತಪ್ಪು. ಅತ್ತ ದರಿ, ಇತ್ತ ಪುಲಿ.

ಆ ಶನಿವಾರವೇ ತುಂಪೆಕ್ ಕ್ರುಲುತ್ ಬಿದ್ದಿತ್ತು. ಇನ್ನೂರ ಹತ್ತು ದಿನಕ್ಕೊಮ್ಮೆ ಬರುವ ವಾದ್ಯಗಳ ಹಬ್ಬ. ಬೆಳಿಗ್ಗೆ ಅಂಗಳದಲ್ಲಿ ನನ್ನ ಬೇಸಿಗೆ ಬಿಳಿ ಹಳದಿ ಬಟ್ಟೆ ಸುತ್ತಿ ಮಣೆಯ ಮೇಲೆ ಒರಗಿಸಿದೆ. ಸುವಾರ್ನಿ ಎಳೆಯ ತೆಂಗಿನ ಗರಿ ಕೊಯ್ದು ಮಡಿಸಿ ಜಾಲರಿಯಂಥ ಅಲಂಕಾರ ಮಾಡುತ್ತಿದ್ದಳು. ಮಡಿಕೆ ನಿಲ್ಲಿಸಲು ಕೈಯಲ್ಲಿ ಸ್ಟೇಪ್ಲರ್. ಟಕ್, ಟಕ್, ಟಕ್.

ನನ್ನ ಅಮ್ಮನಿಗೆ ಆ ಟಕ್ ಟಕ್ ಕೇಳಿದರೆ ಆಗುವುದಿಲ್ಲ. ಅವಳ ಕಾಲದಲ್ಲಿ ಬಿದಿರಿನ ಕಡ್ಡಿ ಸೀಳಿ ಚುಚ್ಚುತ್ತಿದ್ದರು.

"ದೇವರಿಗೆ ಕೊಡೋದಕ್ಕೆ ಕಬ್ಬಿಣ ಹೊಡೀತೀಯಲ್ಲೇ."

"ಅತ್ತೆ, ಬೆಳಿಗ್ಗೆಯಿಂದ ನಲವತ್ತು ಮಾಡಿದೀನಿ. ಕಡ್ಡಿ ಸೀಳ್ತಾ ಕೂತ್ರೆ ದೇವರು ಮುಂದಿನ ತುಂಪೆಕ್ಕಿಗೆ ಬರ್ಬೇಕಾಗತ್ತೆ."

"ಬಿದಿರು ಯಾರಿಗೂ ಚುಚ್ಚಲ್ಲ. ಕಬ್ಬಿಣ ಒಂದು ದಿನ ಚುಚ್ಚತ್ತೆ."

"ಊರಲ್ಲೆಲ್ಲ ಸ್ಟೇಪ್ಲರ್ರೇ ಅತ್ತೆ. ದೇವಸ್ಥಾನದ ಕೆಲಸಕ್ಕೆ ಹೋದ್ರೂ ಮೊದಲು ಪಿನ್ನು ತಂದ್ಯಾ ಅಂತಾರೆ."

ಅತ್ತೆ ಸೊಸೆಯರ ನಡುವೆ ಬಾಯಿ ಹಾಕುವ ಗಂಡಸಿನ ಗತಿ ನನಗೆ ಗೊತ್ತು. ನಾನು ಸುಮ್ಮನೆ ಕೂತು ಕೈ ಮುಗಿದೆ. ಸುವಾರ್ನಿ ಗರಿಯ ಜಾಲರಿಯನ್ನು ತಂತಿಗಳ ಮೇಲೆ ಹೊದಿಸಿದಳು, ಹೂವಿಟ್ಟಳು, ಅಮ್ಮ ಮೂರು ಸಲ ತೀರ್ಥ ಎರಚಿದಳು. ನನ್ನ ಪ್ರಾರ್ಥನೆ ಚಿಕ್ಕದಾಗಿತ್ತು: ದೇವರೇ, ಇವತ್ತು ನಾನು ಕೇಳಿಸಬೇಕು, ಕೇಳಿಸಿದ್ದು ಹಿತವಾಗಿರಬೇಕು, ನನ್ನ ಜಾಗ ಉಳಿಯಬೇಕು. ಸಂಜೆ ಜಾಲರಿಯನ್ನು ತೆಗೆಯಲು ಮನಸ್ಸಾಗದೆ ಹಾಗೆಯೇ ಚೀಲಕ್ಕೆ ಹಾಕಿ, ಹೊಂಡ ಬಿದ್ದ ರಸ್ತೆಯಲ್ಲಿ ಬೇಸನ್ನು ಬೆನ್ನಿಗೆ ಕಟ್ಟಿಕೊಂಡು ಸಾನೂರಿಗೆ ಹೋದೆ. ಹೋಗುವುದು ತಡವಾಯಿತು. ಜಾಲರಿ ಎತ್ತಿ ಚೀಲದಲ್ಲಿಟ್ಟು ನೇರ ವೇದಿಕೆ ಹತ್ತಿದೆ.

ಮೇಡಂ ಮೊದಲ ಮೇಜಿನಲ್ಲಿ ಎಳನೀರು ಹಿಡಿದು ಕೂತಿದ್ದರು. ಕದೆಕ್ ನಾಲ್ಕು ಎಣಿಸಿದ. ನಾನು ತಂತಿ ಮೀಟಿದೆ.

ಏನೂ ಇಲ್ಲ.

ವಯರು ಒತ್ತಿ ನೋಡಿದೆ. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಗುಂಡಿ ಪೂರ್ತಿ ತಿರುಗಿಸಿದೆ. ಬೇಸು ಕಲ್ಲಾಗಿತ್ತು. ನಿಲ್ಲಿಸಿ ರಿಪೇರಿಗೆ ಕೂತರೆ, ನಾನಿಲ್ಲದೆ ಹಾಡು ಮುಂದುವರಿಯುವುದನ್ನು ಮೇಡಂ ಕಣ್ಣಾರೆ ನೋಡುತ್ತಾರೆ. ಬೆವರು ಕಣ್ಣಿಗಿಳಿಯಿತು. ನಿಲ್ಲಿಸಲಿಲ್ಲ. ಬೆರಳು ಆಡಿಸುತ್ತ ಹೋದೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಶ್ರದ್ಧೆಯಿಂದ ಎಂದೂ ನುಡಿಸಿರಲಿಲ್ಲ. ಒಂದು ಸ್ವರ ತಪ್ಪಲಿಲ್ಲ. ಕಣ್ಣು ಮುಚ್ಚಿ, ತುಟಿ ಕಚ್ಚಿ, ಬೇಸಿನವರು ಮಾಡುವ ಮುಖವನ್ನೆಲ್ಲ ಮಾಡಿದೆ.

ಅರ್ಧ ಹಾಡಾಯಿತು. ಕಮ್ಮಿ ಮಾಡೋ ಎಂಬ ಮಾತು ಬರಲಿಲ್ಲ. ಕಣ್ಣು ಬಿಟ್ಟರೆ ಭಾವ ತಲೆ ತಿರುಗಿಸಿ ನನ್ನ ಕೈಯನ್ನೇ ನೋಡುತ್ತಿದ್ದ. ವೇದಿಕೆಯ ಮೇಲೆ ಅವನು ನನ್ನ ಕಡೆ ತಿರುಗಿದ್ದು ಅದೇ ಮೊದಲು. ನೋಡುತ್ತ ನೋಡುತ್ತ ಒಂದು ಕಡೆ ತಪ್ಪಿದ. ನಿದ್ದೆಗಣ್ಣಲ್ಲೂ ತಪ್ಪದ ಹಾಡು ಅದು. ಆಮೇಲೆ ತನ್ನ ಗಿಟಾರಿನ ಗುಂಡಿಯನ್ನು ಇಳಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಸಿದ. ಅವನು ಇಳಿಸಿದನೆಂದು ಕದೆಕ್ ಕೋಲು ಬಿಟ್ಟು ಕುಂಚದಿಂದ ಡ್ರಮ್ಮು ಸವರಲು ಶುರುಮಾಡಿದ. ಗುಂಗ್ ಅಯುವಿನ ಎಡಗೈ ಮೆಲ್ಲಗೆ ಕೀಬೋರ್ಡಿನ ತಗ್ಗುಸ್ವರದ ಮನೆಗಳ ಕಡೆ ಸರಿಯಿತು. ಖಾಲಿ ಜಾಗ ಕಂಡರೆ ತುಂಬಲು ಹೋಗುವ ಕೈ, ಪಾಪ. ಭಾವ ಅವಳನ್ನು ಗುರಾಯಿಸಿ ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಕೈ ಹಿಂದೆ ತೆಗೆದಳು. ನನ್ನ ಜಾಗ ಖಾಲಿಯಾಗಿಯೇ ಉಳಿಯಿತು, ಆದರೆ ನನ್ನದಾಗಿಯೇ ಉಳಿಯಿತು.

ಐದನೆಯ ಹಾಡಿನ ಹೊತ್ತಿಗೆ ನಾವು ಎಷ್ಟು ಮೆಲ್ಲಗಾಗಿದ್ದೆವೆಂದರೆ ಕಡಲು ಕೇಳಿಸುತ್ತಿತ್ತು. ಜನ ಒಬ್ಬರ ಮಾತಿಗೆ ಒಬ್ಬರು ನಗುತ್ತಿದ್ದರು. ಗುರುವಾರದ ಮುದುಕ ಕಿವಿಗೆ ಯಂತ್ರ ಹಾಕಿಕೊಂಡು ಹೆಂಡತಿಯನ್ನು ಎಬ್ಬಿಸಿ ಕುಣಿದ. ಎರಡು ಗಂಟೆ, ಹದಿನೆಂಟು ಹಾಡು.

ಮೇಡಂ ಎದ್ದು ನೇರವಾಗಿ ನನ್ನ ಹತ್ತಿರ ಬಂದರು.

"ಇದು ಸರಿ," ಅಂದರು. "ಬೇಸ್ ಹೀಗಿರ್ಬೇಕು. ಗುರುವಾರ ಅಬ್ಬರ, ಇವತ್ತು ಹದ. ನಿಮ್ಮ ಕೆಲಸ ಏನು ಅಂತ ನನಗೆ ಇವತ್ತು ಅರ್ಥ ಆಯ್ತು. ನಾಲ್ಕೂ ಜನ ಇರಿ. ಇನ್ಮೇಲೆ ಇದೇ ಹದ. ಒಂದು ಕಾಳು ಜಾಸ್ತಿ ಬೇಡ."

"ಆಗ್ಲಿ ಮೇಡಂ," ಅಂದೆ. ನನ್ನ ವಾದನಕ್ಕೆ ಜೀವನದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಖುಷಿಯಾಗಬೇಕಿತ್ತು. ಕೆಲಸ ಉಳಿದಿತ್ತು, ಆದರೆ ಯಾರೋ ನನ್ನ ಶವಕ್ಕೆ ಹಾರ ಹಾಕಿ ಚೆನ್ನಾಗಿ ಕಾಣುತ್ತೀರಿ ಅಂದ ಹಾಗಿತ್ತು.

ಅಡುಗೆಮನೆಯ ಹಿಂದೆ ಭಾವ ಖಾಲಿ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತಿದ್ದ.

"ಮೊದಲನೇ ಹಾಡಿಂದಲೇ ಸತ್ತಿತ್ತಾ?" ಅಂದ.

"ಮೊದಲನೇ ಸ್ವರದಿಂದ."

"ಮೇಡಂ ಹೊಗಳಿದ್ರು."

"ಕೇಳಿಸ್ಕೊಂಡೆ. ನೀನು ಹೇಳ್ಬಹುದಿತ್ತು ಭಾವ, ಅವನದು ಸದ್ದೇ ಇರ್ಲಿಲ್ಲ ಅಂತ."

ಭಾವ ಬೆರಳ ತುದಿಯ ಜಡ್ಡು ಕೆರೆದುಕೊಂಡ. "ನಿನ್ನ ಹುಡುಕ್ತಿದ್ದೆ ಕಣೋ," ಅಂದ. "ನಂದು ಕಮ್ಮಿ ಮಾಡಿದ್ರೆ ಸಿಗ್ತೀಯೇನೋ ಅಂತ ಕಮ್ಮಿ ಮಾಡ್ದೆ. ಸಿಗ್ಲಿಲ್ಲ. ಇನ್ನೂ ಕಮ್ಮಿ ಮಾಡ್ದೆ. ಮೆಟ್ಟಿಲು ಇಳೀತಾ ಇನ್ನೊಂದು ಇದೆ ಅಂದ್ಕೊಂಡು ಕಾಲಿಡ್ತೀವಲ್ಲ, ಇರಲ್ವಲ್ಲ, ಹಂಗೆ. ಎರಡು ಗಂಟೆ ಪೂರ್ತಿ ಹಂಗೆ."

ನನಗೆ ಅಳು ಬಂತು. ಅದನ್ನು ಅವನಿಗೆ ತೋರಿಸಬಾರದೆಂದು ಬೈಕಿನ ಚಕ್ರದಲ್ಲಿ ಗಾಳಿ ಇದೆಯೋ ನೋಡುವವನ ಹಾಗೆ ಬಗ್ಗಿದೆ.

ಮರುದಿನ ಭಾನುವಾರ ಇಬ್ಬರೂ ಒಂದೇ ಬೈಕಿನಲ್ಲಿ, ಅವನ ಬೆನ್ನಿಗೆ ಗಿಟಾರ್, ನನ್ನ ಬೆನ್ನಿಗೆ ಬೇಸು ಕಟ್ಟಿಕೊಂಡು ಪಂದೆಯವರ ಮುಂದೆ ನಿಂತೆವು. ಅವರು ಬೇಸನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಚಿಮಟದಿಂದ ಏನನ್ನೋ ಕಿತ್ತು ಅಂಗೈ ಮೇಲಿಟ್ಟರು. ಸ್ಟೇಪ್ಲರ್ ಪಿನ್ನು. ರಸ್ತೆಯ ಕುಲುಕಾಟದಲ್ಲಿ ಗರಿಯಿಂದ ಸಡಿಲಾಗಿದ್ದನ್ನು ಆಯಸ್ಕಾಂತ ಎಳೆದುಕೊಂಡಿತ್ತು. ಬತ್ತಲೆ ಸುರುಳಿಯೊಳಗೆ ಅದರ ಎರಡೂ ಕಾಲು ಹೊಕ್ಕು ಎಳೆ ಕಡಿದಿತ್ತು.

ಅವರು ನಗಲು ಶುರುಮಾಡಿದರೆ ನಿಲ್ಲಿಸಲೇ ಇಲ್ಲ. "ನಲವತ್ತು ವರ್ಷ ತೀರ್ಥಕ್ಕೆ ಹೆದರಿ ಮೇಣ ಹಾಕಿದ್ನಲ್ಲಪ್ಪ. ಈ ಹೆಂಗಸರ ಸ್ಟೇಪ್ಲರ್ ನನ್ನ ತಲೆಗೇ ಹೋಗಿರ್ಲಿಲ್ಲ. ಪಾಪ, ಇದರ ತಪ್ಪೇನಿದೆ? ನೀನು ಜೋರಾಗಿ ಎಳೆಯೋದು ಬೇಕು ಅಂದೆ, ಎಳೀತು. ಮುಚ್ಚಳ ಬೇಡ ಅಂದೆ, ಹಾಕ್ಲಿಲ್ಲ."

"ತಪ್ಪಾಯ್ತು ಗುರುಗಳೇ," ಅಂದೆ.

"ಜೋಡೀಲಿ ಕೂತ್ಕೊಳಿ ಇಬ್ರೂ."

ಬೇಸಿನ ಹಲಗೆ ನನ್ನ ತೊಡೆಯ ಮೇಲೆ, ಗಿಟಾರಿನ ಹಲಗೆ ಭಾವನ ತೊಡೆಯ ಮೇಲೆ ಇಟ್ಟರು. ನುಡಿಸುತ್ತಿರಿ ಅಂದರು. ಅವರು ನಮ್ಮ ಸಂಗೀತ ಕೇಳುತ್ತಿದ್ದಾರೆ ಎಂದೇ ಅನ್ನಿಸಲಿಲ್ಲ. ಬೆನ್ನು ಹಾಕಿ ಕಾಫಿ ಕುಡಿಯುತ್ತ, ಆಗಾಗ ತಿರುಗಿ ನಮ್ಮ ಕೈ ನೋಡಿ, ಒಂದು ಪಿಕಪ್ ತೆಗೆದು ಇನ್ನೊಂದು ತೂರಿಸುತ್ತಿದ್ದರು. ಏಳು ಜೋಡಿ ಬದಲಾದವು. ಎಂಟನೆಯದಕ್ಕೆ ಬೇಸಿಗೆ ಆ ಅಜ್ಜಿಯ ದನಿಯದನ್ನೇ ಹಾಕಿದರು, ಗಿಟಾರಿಗೆ ಅದಕ್ಕಿಂತ ಒಂದಿಷ್ಟು ತೆಳುವಾದದ್ದನ್ನು. ಒಂದು ಹಾಡು ಮುಗಿಯಿತು, ಎರಡನೆಯದು ಶುರುವಾಯಿತು. ಬೇಸು ನೆಲದಿಂದ ಏಳುತ್ತಿತ್ತು, ಗಿಟಾರ್ ಅದರ ಮೇಲೆ ಕಾಲಿಟ್ಟು ನಡೆಯುತ್ತಿತ್ತು.

"ಸಾಕು, ಇದೇ," ಅಂದರು ಪಂದೆ.

"ಹೇಗೆ ಹೇಳ್ತೀರಿ?" ಅಂದ ಭಾವ.

"ಏಳು ಸಲ ಇಬ್ರೂ ಗುಂಡಿ ಮುಟ್ತಾನೇ ಇದ್ರಿ. ಈ ಸಲ ಇಬ್ರೂ ಮುಟ್ಲಿಲ್ಲ. ಇದಕ್ಕೆ ಕಿವಿ ಯಾಕೆ, ಕಣ್ಣಿದ್ರೆ ಸಾಕು."

ಎರಡಕ್ಕೂ ಮುಚ್ಚಳ ಹಾಕಿ, ಒತ್ತಿ ನೋಡಿ ಕೊಟ್ಟರು.

ಮನೆಯಲ್ಲಿ ಆ ಪಿನ್ನನ್ನು ತಟ್ಟೆಯಲ್ಲಿಟ್ಟು ತೋರಿಸಿದೆ. ಅಮ್ಮ ಬಿದಿರು ಸೀಳುವ ಕತ್ತಿ ತಂದು ಸೊಸೆಯ ಮುಂದೆ ಇಟ್ಟಳು. ಸುವಾರ್ನಿಯೇನು ಸೋಲುವವಳಲ್ಲ. "ಎಲ್ಲಾರೂ ಸ್ವಲ್ಪ ಯೋಚನೆ ಮಾಡಿ. ನನ್ನ ಸ್ಟೇಪ್ಲರ್ ಇಲ್ದೇ ಹೋಗಿದ್ರೆ ಇವರು ಶನಿವಾರವೂ ಅಬ್ಬರಿಸಿ ಕೆಲಸ ಕಳ್ಕೋತಿದ್ರು," ಅಂದಳು. ಅದೂ ನಿಜವೇ. ಕೊನೆಗೆ ಬೇಸಿಗೆ ಬಿದಿರು, ಮಿಕ್ಕ ದೇವರುಗಳಿಗೆ ಪಿನ್ನು ಎಂದು ರಾಜಿಯಾಯಿತು.

ಮಂಗಳವಾರ ಸಂಜೆ ವೇದಿಕೆ ಹತ್ತಿದೆವು. ಮೊದಲ ಹಾಡು ಅರ್ಧವಾಯಿತು, ಮುಗಿಯಿತು. ಭಾವ ಏನೂ ಅನ್ನಲಿಲ್ಲ. ಗುಂಗ್ ಅಯುವಿನ ಎಡಗೈ ತನ್ನ ಪಾಡಿಗೆ ತಾನಿತ್ತು. ನನ್ನ ಒಂದೊಂದು ಸ್ವರವೂ ಭಾವನ ಬೆರಳಿಗೆ ಹೋಗಿ ತಟ್ಟುವುದು ನನಗೆ ಗೊತ್ತಾಗುತ್ತಿತ್ತು. ಎರಡನೆಯ ಹಾಡಿನ ನಡುವೆ ಲಾರಸ್ ಮೇಡಂ ವೇದಿಕೆಯ ಪಕ್ಕಕ್ಕೆ ಬಂದರು. ಹುಬ್ಬು ಸ್ವಲ್ಪ ಗಂಟಿಕ್ಕಿತ್ತು.

"ಚೆನ್ನಾಗಿದೆ. ಆದ್ರೆ ಶನಿವಾರದ ಹದ ಇಲ್ಲ. ಬೇಸ್ ಒಂಚೂರು ಕಮ್ಮಿ ಮಾಡ್ತೀರಾ?"

ಶನಿವಾರದ ಹದ ಎಂದರೆ ಏನೆಂದು ನನಗೆ ಗೊತ್ತಿತ್ತು. ಆಗ ಭಾವ ತಲೆ ತಿರುಗಿಸದೆ, ತುಟಿಯ ಮೂಲೆಯಿಂದ ನನಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಕಮ್ಮಿ ಮಾಡ್ಬೇಡ ಕಣೋ. ಹೋದ್ರೆ ಇಬ್ರೂ ಹೋಗೋಣ."

ಹತ್ತೊಂಬತ್ತು ವರ್ಷ ಕಾದು ಕೇಳಿದ ಮಾತು. ನಾನು ಮೇಡಂ ಕಡೆ ನೋಡಿ ತಲೆಬಾಗಿಸಿ, ಗುಂಡಿಗೆ ಕೈ ಹಾಕಿ, ತಿರುಗಿಸಿದ ಹಾಗೆ ಮಾಡಿದೆ.

ಮೇಡಂ ಒಂದು ಕ್ಷಣ ಕಿವಿಗೊಟ್ಟು ಕೇಳಿದರು. ಹುಬ್ಬಿನ ಗಂಟು ಬಿಚ್ಚಿತು. "ಹಾಂ, ಈಗ ಸರಿಯಾಯ್ತು," ಅಂದು ಹೊರಟುಹೋದರು.

ಭಾವನ ಗಿಟಾರ್ ಒಂದು ಕ್ಷಣ ತಡವರಿಸಿತು. ಅವನು ಮೆಲ್ಲಗೆ ತಲೆ ತಿರುಗಿಸಿ ಮೊದಲು ನನ್ನ ಗುಂಡಿ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಹತ್ತೊಂಬತ್ತು ವರ್ಷಾನೂನಾ?" ಅಂದ.

ನಾನು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದೆ.